ಹಳೆಯ ಗೀಸರ್ ಸೋರುತ್ತಿದೆ: ಪರಿಸರಕ್ಕೆ ಹೊರೆ ಕಡಿಮೆಯಾಗುವಂತೆ ನೀರು ಕಾಯಿಸಲು ಯಾವುದನ್ನು ಕೊಳ್ಳಬೇಕು?

ಮಂಜುಹನಿ (ಪ್ರಶ್ನೆ)

ಸದಸ್ಯರೆಲ್ಲರಿಗೂ ನಮಸ್ಕಾರ. ನಮ್ಮ ಮನೆಯ 50 ಲೀಟರಿನ ವಿದ್ಯುತ್ ಗೀಸರ್ 11 ವರ್ಷ ದುಡಿದು, ಕಳೆದ ವಾರದಿಂದ ತಳದಲ್ಲಿ ತೊಟ್ಟಿಕ್ಕಲು ಆರಂಭಿಸಿದೆ. ಒಳಗಿನ ತೊಟ್ಟಿಗೇ ತುಕ್ಕು ಹಿಡಿದಿರುವುದರಿಂದ ರಿಪೇರಿ ಮಾಡಿಸಿ ಫಲವಿಲ್ಲವೆಂದು ನೋಡಲು ಬಂದವರು ಹೇಳಿದರು. ಮನೆಯಲ್ಲಿ ನಾವು ನಾಲ್ವರಿದ್ದೇವೆ, ಎಲ್ಲರೂ ಶವರ್ ಬಳಸುತ್ತೇವೆ.

ಹೊಸದನ್ನು ಕೊಳ್ಳಲು ವಿಚಾರಿಸಿದಾಗ ನನಗೆ ಗೊಂದಲವೇ ಹೆಚ್ಚಾಯಿತು. ವಿದ್ಯುತ್ ಗೀಸರ್ ಮಾರುವವರು ತಮ್ಮದರಲ್ಲಿ ಹೊಗೆಯೇ ಇಲ್ಲವೆನ್ನುತ್ತಾರೆ. ಗ್ಯಾಸ್ ಗೀಸರ್ ಮಾರುವವರು ಆ ಹೊಗೆಯೆಲ್ಲ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ ಎನ್ನುತ್ತಾರೆ. ಹೀಟ್ ಪಂಪ್ ಮಾರುವವರು ಒಂದು ಯೂನಿಟ್ ಕೊಟ್ಟರೆ ಮೂರು ಯೂನಿಟ್ ಶಾಖ ಬರುತ್ತದೆಂದು ಹೇಳಿ ನನ್ನ ಶಾಲೆಯ ಭೌತಶಾಸ್ತ್ರವನ್ನೇ ಅಲುಗಾಡಿಸುತ್ತಾರೆ. ಸೋಲಾರ್ ಮಾರುವವರಿಗೆ ಮೋಡವೆಂಬುದೊಂದು ಇದೆಯೆಂಬ ನೆನಪೇ ಇದ್ದಂತಿಲ್ಲ. ಎಲ್ಲರ ಕರಪತ್ರದ ಮೇಲೂ ಒಂದೇ ಹಸಿರು ಎಲೆಯ ಚಿತ್ರವಿದೆ.

ಒಂದು ಸಂಗತಿಯನ್ನು ನಾನೇ ಅಳೆದಿದ್ದೇನೆ. ಒಮ್ಮೆ ಎರಡು ದಿನ ಊರಿಗೆ ಹೋಗುವಾಗ ಫ್ರಿಜ್ ಸೇರಿದಂತೆ ಎಲ್ಲವನ್ನೂ ಆರಿಸಿ, ಗೀಸರ್ ಸ್ವಿಚ್ ಒಂದನ್ನು ಮರೆತಿದ್ದೆವು. ಮರಳಿ ಬಂದು ಮೀಟರ್ ನೋಡಿದರೆ ಸರಿಯಾಗಿ 3 ಯೂನಿಟ್ ಓಡಿತ್ತು. ಆ ಎರಡು ದಿನ ಯಾರೂ ಒಂದು ಹನಿ ಬಿಸಿನೀರನ್ನೂ ಬಳಸಿರಲಿಲ್ಲ.

ಹಣದ ಲೆಕ್ಕ ನನಗೆ ಸದ್ಯಕ್ಕೆ ಬೇಡ. ತಯಾರಾದ ದಿನದಿಂದ ಗುಜರಿ ಸೇರುವ ದಿನದವರೆಗೆ ಲೆಕ್ಕ ಹಾಕಿದರೆ, ಇವುಗಳಲ್ಲಿ ಯಾವುದು ನೆಲಕ್ಕೂ ಗಾಳಿಗೂ ಕಡಿಮೆ ಹಾನಿ ಮಾಡುತ್ತದೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉಷ್ಣಮಾಪಕ (ಉತ್ತರ)

ತಾವು ಮೀಟರ್ ನೋಡಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಈ ಪ್ರಶ್ನೆಗೆ ಯಂತ್ರದ ಹೆಸರಿನಿಂದ ಉತ್ತರ ಸಿಗುವುದಿಲ್ಲ. ಎಷ್ಟು ನೀರು, ಎಷ್ಟು ಬಿಸಿ, ಎಷ್ಟು ಹೊತ್ತು ಕಾದಿಟ್ಟದ್ದು, ಶಾಖ ಬಂದದ್ದು ಎಲ್ಲಿಂದ ಎಂಬ ನಾಲ್ಕು ಸಂಗತಿಗಳಿಂದ ಸಿಗುತ್ತದೆ.

ಮೊದಲು ನೀರಿನ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.19 ಕಿಲೋಜೌಲ್ ಶಕ್ತಿ ಬೇಕು. ದಿನಸಿಯಲ್ಲೋ ಲೋಹದಲ್ಲೋ ಇಷ್ಟು ಶಾಖವನ್ನು ನುಂಗುವ ವಸ್ತು ಸಿಗುವುದು ಕಷ್ಟ. ನೀರು ಕಾಯಿಸುವ ಕೆಲಸ ಮನೆಯ ಶಕ್ತಿಯ ಲೆಕ್ಕದಲ್ಲಿ ಇಷ್ಟು ದೊಡ್ಡ ಪಾಲು ಕೇಳುವುದಕ್ಕೆ ಇದೇ ಮೂಲ. ನಾಲ್ವರಿಗೆ ದಿನಕ್ಕೆ 150 ಲೀಟರ್ ಹದವಾದ ನೀರು ಬೇಕು, ಅದನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕು ಎಂದಿಟ್ಟುಕೊಂಡರೆ, ಬೇಕಾಗುವ ಶಾಖ ಸುಮಾರು 3.5 ಯೂನಿಟ್. ಇದು ನೀರಿನ ಬೇಡಿಕೆ, ಯಂತ್ರದ್ದಲ್ಲ. ನೀರನ್ನು ಕಡಿಮೆ ಬಳಸಿದರೆ ಮಾತ್ರ ಇದು ಇಳಿಯುತ್ತದೆ.

ಇನ್ನು ವಿದ್ಯುತ್ ಗೀಸರ್. ತೊಟ್ಟಿಯೊಳಗಿನ ಕಾಯಿಲ್ ತಾನು ಪಡೆದ ವಿದ್ಯುತ್ತನ್ನೆಲ್ಲ ಶಾಖವಾಗಿಸುತ್ತದೆ, ಆದ್ದರಿಂದ ಅದರ ದಕ್ಷತೆ ನೂರಕ್ಕೆ ನೂರು ಎಂದು ಹೇಳುವುದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಕಲ್ಲಿದ್ದಲ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗಿ, ಉಳಿದದ್ದು ಶೈತ್ಯ ಗೋಪುರದಲ್ಲೂ ಚಿಮಣಿಯಲ್ಲೂ ಕಳೆದುಹೋಗುತ್ತದೆ. ಅಂದರೆ ಅಲ್ಲಿ ಬೆಂಕಿಯಿಂದ ಶಾಖ ಮಾಡಿ, ಅದರ ಮೂರರಲ್ಲೆರಡು ಪಾಲನ್ನು ಚೆಲ್ಲಿ, ಉಳಿದದ್ದನ್ನು ತಂತಿಯಲ್ಲಿ ತಂದು, ಇಲ್ಲಿ ಮತ್ತೆ ಶಾಖವನ್ನೇ ಮಾಡುತ್ತೇವೆ. ಚೆನ್ನಾಗಿ ಹೊದಿಸಿದ ಹೊಸ ತೊಟ್ಟಿ ದಿನಕ್ಕೆ 1 ಯೂನಿಟ್‌ನಷ್ಟು ಶಾಖವನ್ನು ಸುಮ್ಮನೆ ಕಳೆದುಕೊಳ್ಳುತ್ತದೆಂದು ಹಿಡಿದರೂ (ತಮ್ಮ ಹಳೆಯದು 1.5 ಕಳೆದುಕೊಳ್ಳುತ್ತಿತ್ತು), ಒಟ್ಟು 4.5 ಯೂನಿಟ್ ಬೇಕಾಗುತ್ತದೆ. ಕಲ್ಲಿದ್ದಲ ವಿದ್ಯುತ್ತಿನ ಪ್ರತಿ ಯೂನಿಟ್‌ಗೆ ಒಂದು ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ದಿನದ ಸ್ನಾನಕ್ಕೆ 4.5 ಕಿಲೋಗ್ರಾಂ ಆಯಿತು. ಅದೇ ಗೀಸರನ್ನು ನಾರ್ವೆಯ ಮನೆಯೊಂದರ ಗೋಡೆಗೆ ತೂಗುಹಾಕಿದರೆ ಈ ಸಂಖ್ಯೆ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ, ಏಕೆಂದರೆ ಆ ದೇಶದ ವಿದ್ಯುತ್ತಿನ ಬಹುಪಾಲು ಬರುವುದು ಜಲಾಶಯಗಳಿಂದ.

ಗ್ಯಾಸ್ ಗೀಸರ್ ಶೇಕಡಾ 80 ದಕ್ಷತೆಯಲ್ಲಿ ನಡೆದರೆ ಅದೇ ನೀರಿಗೆ ಸುಮಾರು 0.34 ಕಿಲೋಗ್ರಾಂ ಅಡುಗೆ ಅನಿಲ ಸಾಕು. ಒಂದು ಕಿಲೋಗ್ರಾಂ ಅನಿಲ ಉರಿದರೆ ಮೂರು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬರುವುದರಿಂದ ದಿನಕ್ಕೆ ಒಂದು ಕಿಲೋಗ್ರಾಂ ಎನ್ನಬಹುದು. ಬೇಕಾದಾಗ ಮಾತ್ರ ಉರಿಯುವುದರಿಂದ ಕಾದಿಟ್ಟ ನೀರು ತಣಿಯುವ ನಷ್ಟವೂ ಇಲ್ಲ.

ಹೀಟ್ ಪಂಪ್ ತಮ್ಮ ಭೌತಶಾಸ್ತ್ರಕ್ಕೆ ಯಾವ ಅಪಚಾರವನ್ನೂ ಮಾಡುತ್ತಿಲ್ಲ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸುತ್ತಲಿನ ಗಾಳಿಯಿಂದ ಎತ್ತಿ ನೀರಿಗೆ ಸಾಗಿಸುತ್ತದೆ. ನಾವು ಕೊಡುವ ವಿದ್ಯುತ್ತು ಸಾಗಣೆಯ ಕೂಲಿ ಮಾತ್ರ. ಮೂರು ಪಟ್ಟು ಎಂದು ಹಿಡಿದರೆ 4.5 ಯೂನಿಟ್ ಶಾಖಕ್ಕೆ 1.5 ಯೂನಿಟ್ ವಿದ್ಯುತ್ ಸಾಕು.

ಈಗ ಹೋಲಿಸಿ ನೋಡಿ. ಪೂರ್ತಿ ಕಲ್ಲಿದ್ದಲ ವಿದ್ಯುತ್ತಾದರೆ ಹೀಟ್ ಪಂಪ್‌ಗಿಂತ ಗ್ಯಾಸ್ ತುಸು ಹಗುರ. ವಿದ್ಯುತ್ತಿನ ಇಂಗಾಲದ ಹೊರೆ ಯೂನಿಟ್‌ಗೆ ಸುಮಾರು 0.67 ಕಿಲೋಗ್ರಾಂಗಿಂತ ಕೆಳಗಿಳಿದ ಕೂಡಲೇ ಹೀಟ್ ಪಂಪ್ ಮುಂದಾಗುತ್ತದೆ. ಸಾದಾ ವಿದ್ಯುತ್ ಗೀಸರ್ ಗ್ಯಾಸನ್ನು ಹಿಂದಿಕ್ಕಬೇಕಾದರೆ ಆ ಸಂಖ್ಯೆ 0.22ಕ್ಕೆ ಇಳಿಯಬೇಕು. ತಮ್ಮ ಮನೆಗೆ ಬರುವ ವಿದ್ಯುತ್ತು ಎಂಥದೆಂದು ತಿಳಿಯದೆ ಯಾರಾದರೂ ಖಚಿತವಾದ ಉತ್ತರ ಕೊಟ್ಟರೆ, ಅವರು ಏನನ್ನೋ ಮಾರುತ್ತಿದ್ದಾರೆಂದೇ ತಿಳಿಯಿರಿ.

ಎಲೆಮರೆ (ಉತ್ತರ)

ಉಷ್ಣಮಾಪಕರ ಲೆಕ್ಕ ಸರಿಯಾಗಿದೆ, ಆದರೆ ಗ್ಯಾಸಿನ ವಿಷಯದಲ್ಲಿ ಅವರು ಉದಾರಿಗಳಾಗಿದ್ದಾರೆ. ಸಿಲಿಂಡರಿನ ಅನಿಲಕ್ಕೆ ಅವರ ಮಾತು ಹೆಚ್ಚುಕಡಿಮೆ ಒಪ್ಪುತ್ತದೆ, ಅದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವಾದರೋ ಬಹುಪಾಲು ಮೀಥೇನ್. ಉರಿಯದೆ ಸೋರಿದ ಮೀಥೇನ್, 20 ವರ್ಷಗಳ ಅವಧಿಯಲ್ಲಿ ನೋಡಿದರೆ, ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಬಾವಿಯಿಂದ ಬರ್ನರ್‌ವರೆಗಿನ ದಾರಿಯಲ್ಲಿ ನೂರಕ್ಕೆ 2 ಪಾಲು ಸೋರಿತೆಂದು ಊಹಿಸಿಕೊಂಡರೂ, ಆ ಒಂದು ಕಿಲೋಗ್ರಾಂ ಲೆಕ್ಕಕ್ಕೆ ಇನ್ನರ್ಧ ಕಿಲೋಗ್ರಾಂ ಸೇರಿಸಬೇಕಾಗುತ್ತದೆ. ಬರ್ನರ್ ಹೊತ್ತಿಕೊಳ್ಳುವಾಗಲೂ ಆರುವಾಗಲೂ ಒಂದಿಷ್ಟು ಮೀಥೇನ್ ಉರಿಯದೆಯೇ ಹೊರಬೀಳುತ್ತದೆ. ಕೈ ತೊಳೆಯಲೆಂದು ನಲ್ಲಿಯನ್ನು ತಿರುಗಿಸಿದಾಗಲೆಲ್ಲ ಹೊತ್ತಿ ಆರುವ ಗೀಸರಿನಲ್ಲಿ ಈ ಕ್ಷಣಗಳು ದಿನಕ್ಕೆ ಹತ್ತಾರು ಇರುತ್ತವೆ. ಜೊತೆಗೆ ನೈಟ್ರೋಜನ್ ಆಕ್ಸೈಡ್‌ಗಳಿವೆ, ಗಾಳಿಯಾಡದ ಬಚ್ಚಲಿನಲ್ಲಿ ಜೀವವನ್ನೇ ತೆಗೆಯುವ ಕಾರ್ಬನ್ ಮೊನಾಕ್ಸೈಡ್ ಇದೆ. ಗ್ಯಾಸ್ ಗೀಸರನ್ನು ಮುಚ್ಚಿದ ಸ್ನಾನದ ಮನೆಯೊಳಗೆ ಯಾವ ಕಾರಣಕ್ಕೂ ಕೂರಿಸಬಾರದು.

ಇನ್ನೊಂದು ಮಾತು. ಗ್ಯಾಸ್ ಬರ್ನರ್ ಇಂದು ಎಷ್ಟು ಇಂಗಾಲ ಬಿಡುತ್ತದೋ ಗುಜರಿ ಸೇರುವ ದಿನವೂ ಅಷ್ಟೇ ಬಿಡುತ್ತದೆ. ವಿದ್ಯುತ್ತಿನಿಂದ ನಡೆಯುವ ಯಂತ್ರ ಮಾತ್ರ, ವಿದ್ಯುತ್ ಜಾಲಕ್ಕೆ ಗಾಳಿಯ ಮತ್ತು ಸೂರ್ಯನ ಪಾಲು ಸೇರುತ್ತ ಹೋದಂತೆ, ಗೋಡೆಯ ಮೇಲೆ ಇದ್ದಲ್ಲೇ ಇದ್ದು ಶುದ್ಧವಾಗುತ್ತ ಹೋಗುತ್ತದೆ. ಹತ್ತು ಹನ್ನೆರಡು ವರ್ಷ ಬಾಳುವ ವಸ್ತುವನ್ನು ಕೊಳ್ಳುವಾಗ ಇದನ್ನು ಕಡೆಗಣಿಸಲಾಗದು.

ಹೀಟ್ ಪಂಪನ್ನೂ ಹಾಗೆಯೇ ಬಿಡಲಾರೆ. ಅದರೊಳಗೆ ಸುತ್ತುವ ಶೀತಕ ದ್ರವದ ಬಗ್ಗೆ ಮಾರಾಟಗಾರರು ಬಾಯಿ ಬಿಡುವುದಿಲ್ಲ. ಆರ್-134ಎ ಎಂಬ ಶೀತಕ, 100 ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡ್‌ಗಿಂತ 1,430 ಪಟ್ಟು ಪ್ರಬಲವೆಂದು ಪಟ್ಟಿಗಳಲ್ಲಿ ನಮೂದಾಗಿದೆ. ಆರ್-410ಎ 2,088 ಪಟ್ಟು. ಯಂತ್ರದಲ್ಲಿ ಒಂದು ಕಿಲೋಗ್ರಾಂ ಆರ್-134ಎ ಇದ್ದು, ಗುಜರಿಯಲ್ಲಿ ಯಾರೋ ಕೊಳವೆ ಕತ್ತರಿಸಿದಾಗ ಅಷ್ಟೂ ಗಾಳಿಗೆ ಹೋಯಿತೆನ್ನಿ. ಕಲ್ಲಿದ್ದಲ ವಿದ್ಯುತ್ತಿನ ಊರಿನಲ್ಲಿ ಆ ಯಂತ್ರ, ಸಾದಾ ಗೀಸರಿಗೆ ಹೋಲಿಸಿದರೆ, ದಿನಕ್ಕೆ 3 ಕಿಲೋಗ್ರಾಂ ಉಳಿಸುತ್ತಿತ್ತು. ಆದ್ದರಿಂದ ಆ ಸೋರಿಕೆಯ ಸಾಲ 16 ತಿಂಗಳಲ್ಲಿ ತೀರಿಬಿಡುತ್ತದೆ. ಆದರೆ ಯೂನಿಟ್‌ಗೆ 0.05 ಕಿಲೋಗ್ರಾಂ ಮಾತ್ರ ಹೊರೆಯಿರುವ ಶುದ್ಧ ವಿದ್ಯುತ್ತಿನ ಜಾಗದಲ್ಲಿ ದಿನದ ಉಳಿತಾಯ 150 ಗ್ರಾಂ. ಅದೇ ಸಾಲ ತೀರಲು 26 ವರ್ಷ ಬೇಕು, ಯಂತ್ರವೇ ಅಷ್ಟು ವರ್ಷ ಬದುಕುವುದಿಲ್ಲ. ಅಂಥ ಕಡೆ ಇಂಗಾಲದ ಲೆಕ್ಕವೊಂದನ್ನೇ ನೋಡಿದರೆ ಸಾದಾ ಗೀಸರೇ ಮೇಲೆಂಬ ವಿಚಿತ್ರ ಉತ್ತರ ಬರುತ್ತದೆ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಓಝೋನ್ ಪದರವನ್ನು ಉಳಿಸಲೆಂದು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಿಗೆಯಾದ ತಿದ್ದುಪಡಿ 2019ರ ಜನವರಿಯಿಂದ ಜಾರಿಯಲ್ಲಿದ್ದು, ಈ ಬಗೆಯ ಶೀತಕಗಳನ್ನು ಹಂತಹಂತವಾಗಿ ಕಡಿಮೆ ಮಾಡಲು ದೇಶಗಳು ಒಪ್ಪಿಕೊಂಡಿವೆ. ಆರ್-290 ಎಂದು ಬರೆದಿರುವ ಯಂತ್ರದೊಳಗಿರುವುದು ಪ್ರೊಪೇನ್, ಆರ್-744 ಎಂದರೆ ಇಂಗಾಲದ ಡೈಆಕ್ಸೈಡೇ. ಇವೆರಡರ ಹೊರೆಯೂ ಬೆರಳಲ್ಲಿ ಎಣಿಸುವಷ್ಟು. ಪ್ರೊಪೇನ್ ಬೆಂಕಿ ಹಿಡಿಯುವ ಅನಿಲವಾದ್ದರಿಂದ ಅಳವಡಿಸುವ ಜಾಗದ ನಿಯಮಗಳನ್ನು ಪಾಲಿಸಬೇಕು. ಕೊಳ್ಳುವ ಮೊದಲು ಯಂತ್ರದ ಪಕ್ಕೆಗೆ ಅಂಟಿಸಿದ ಫಲಕವನ್ನು ಓದಿ, ಶೀತಕದ ಹೆಸರೂ ತೂಕವೂ ಅಲ್ಲಿಯೇ ಇರುತ್ತವೆ.

ಸೌದೆಯ ಬಗ್ಗೆ ತಾವು ಕೇಳಿಲ್ಲ, ಆದರೂ ಯಾರಾದರೂ ಮರ ಮತ್ತೆ ಬೆಳೆಯುತ್ತದಲ್ಲವೇ ಎಂದು ಹೇಳಿಯೇ ಹೇಳುತ್ತಾರೆ. ಬೆಳೆಯುತ್ತದೆ, ಆದರೆ ತೆರೆದ ಒಲೆಯಲ್ಲಿ ಸೌದೆಯ ಶಾಖದ ಹೆಚ್ಚಿನ ಪಾಲು ಪಾತ್ರೆಗೆ ತಾಗುವುದೇ ಇಲ್ಲ, ಅರೆಬೆಂದ ಹೊಗೆಯಲ್ಲಿರುವ ಮಸಿಯೂ ಸೂಕ್ಷ್ಮ ಕಣಗಳೂ ಒಲೆ ಉರಿಸುವವರ ಶ್ವಾಸಕೋಶಕ್ಕೇ ಮೊದಲು ಸೇರುತ್ತವೆ.

ಕೊಳವೆಗಾರ (ಉತ್ತರ)

ಮೇಲಿನ ಇಬ್ಬರೂ ಯಂತ್ರದ ಬಗ್ಗೆ ಬರೆದಿದ್ದಾರೆ. ನಾನು ಬಹಳ ವರ್ಷ ಕೊಳವೆ ಜೋಡಿಸುವ ಕೆಲಸ ಮಾಡಿದವನು, ನನ್ನ ಕಣ್ಣಿಗೆ ಬೀಳುವುದು ಯಂತ್ರಕ್ಕೂ ನಲ್ಲಿಗೂ ನಡುವಿನ ದಾರಿ. ಒಳಗಿನ ಅಗಲ 15 ಮಿಲಿಮೀಟರ್ ಇರುವ 10 ಮೀಟರ್ ಕೊಳವೆಯಲ್ಲಿ ಸುಮಾರು 1.8 ಲೀಟರ್ ನೀರು ನಿಲ್ಲುತ್ತದೆ. ಕೈ ತೊಳೆಯಲು ಬಿಸಿನೀರಿನ ನಲ್ಲಿ ತಿರುಗಿಸಿದವರು ಆ 1.8 ಲೀಟರ್ ತಣ್ಣೀರು ಹರಿದುಹೋಗುವವರೆಗೆ ಕಾಯುತ್ತಾರೆ, ಇಲ್ಲವೇ ಕಾಯದೆ ತಣ್ಣೀರಿನಲ್ಲೇ ತೊಳೆದು ಹೋಗುತ್ತಾರೆ. ಎರಡರಲ್ಲಿಯೂ ಅಷ್ಟೇ ಪ್ರಮಾಣದ ಬಿಸಿನೀರು ತೊಟ್ಟಿ ಬಿಟ್ಟು ಕೊಳವೆಗೆ ಬಂದು ಅಲ್ಲಿಯೇ ತಣಿಯುತ್ತದೆ. ಗೀಸರನ್ನು ಶವರಿನ ಹತ್ತಿರಕ್ಕೆ ತನ್ನಿ, ಕೊಳವೆಗೆ ಸ್ಪಂಜಿನ ಹೊದಿಕೆ ಹಾಕಿಸಿ, ಕೈ ತೊಳೆಯುವ ನಲ್ಲಿಗೆ ಬಿಸಿನೀರಿನ ಸಂಪರ್ಕ ನಿಜವಾಗಿ ಬೇಕೇ ಎಂದು ಒಮ್ಮೆ ಮನೆಯವರನ್ನು ಕೇಳಿ.

ತಮ್ಮ ಗೀಸರ್ ಏಕೆ ಸೋರಿತೆಂದು ನಾನು ನೋಡದೆಯೇ ಊಹಿಸಬಲ್ಲೆ. ಉಕ್ಕಿನ ತೊಟ್ಟಿಯೊಳಗೆ ಮೆಗ್ನೀಸಿಯಮ್ ಇಲ್ಲವೇ ಅಲ್ಯೂಮಿನಿಯಮ್ಮಿನ ಒಂದು ಕಡ್ಡಿ ಇರುತ್ತದೆ, ಆನೋಡ್ ಎನ್ನುತ್ತಾರೆ. ನೀರು ತೊಟ್ಟಿಯ ಉಕ್ಕನ್ನು ತಿನ್ನುವ ಬದಲು ಈ ಕಡ್ಡಿಯನ್ನು ತಿನ್ನಲಿ ಎಂಬುದೇ ಅದರ ಉದ್ದೇಶ. ಕಡ್ಡಿ ಮುಗಿದ ಮೇಲೆ ತೊಟ್ಟಿಯ ಸರದಿ. ನಾನು ಬಿಚ್ಚಿದ ಸೋರುವ ತೊಟ್ಟಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಹೆಬ್ಬೆರಳ ದಪ್ಪವಿರಬೇಕಾದ ಕಡ್ಡಿಯ ಜಾಗದಲ್ಲಿ ಬರಿಯ ತಂತಿಯೊಂದು ನೇತಾಡುತ್ತಿತ್ತು. ತಳದಲ್ಲಿ ಅರ್ಧ ಬಕೆಟ್ ಸುಣ್ಣದ ಹಕ್ಕಳೆ, ಒಡೆದ ಮೊಟ್ಟೆಯ ಚಿಪ್ಪಿನಂತೆ. ಎರಡು ಮೂರು ವರ್ಷಕ್ಕೊಮ್ಮೆ ಆ ಕಡ್ಡಿಯನ್ನು ಬದಲಾಯಿಸಿದ್ದರೆ ತೊಟ್ಟಿ ಇನ್ನೂ ಹಲವು ವರ್ಷ ಬಾಳುತ್ತಿತ್ತು. ಉಕ್ಕು, ತಾಮ್ರ, ಹೊದಿಕೆಯ ಫೋಮ್ ಎಲ್ಲವನ್ನೂ ಹೊಸದಾಗಿ ತಯಾರಿಸುವ ಹೊರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಕ್ಕಳೆಯ ಬಗ್ಗೆ ಒಂದು ತಪ್ಪು ತಿಳುವಳಿಕೆಯಿದೆ. ನೀರಲ್ಲಿ ಮುಳುಗಿರುವ ಕಾಯಿಲ್‌ಗೆ ಸುಣ್ಣ ಕಟ್ಟಿದರೆ ವಿದ್ಯುತ್ ಹೆಚ್ಚು ಖರ್ಚಾಗುತ್ತದೆಂದು ಹೇಳುತ್ತಾರೆ. ಕಾಯಿಲಿನ ಶಾಖ ನೀರಿಗಲ್ಲದೆ ಬೇರೆಲ್ಲಿಗೂ ಹೋಗಲು ದಾರಿಯಿಲ್ಲ, ಹಾಗಾಗಿ ಖರ್ಚು ಹೆಚ್ಚೇನೂ ಆಗುವುದಿಲ್ಲ, ಕಾಯಿಲ್ ತಾನೇ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ. ಗ್ಯಾಸ್ ಗೀಸರಿನಲ್ಲಿ ಮಾತ್ರ ಕೊಳವೆಯೊಳಗೆ ಸುಣ್ಣ ಕಟ್ಟಿದರೆ ಶಾಖ ನೀರಿಗೆ ದಾಟಲಾರದೆ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಗಡಸು ನೀರಿನ ಮನೆಯವರು ಇದನ್ನು ನೆನಪಿಡಬೇಕು.

ಸೋಲಾರ್ ಹಾಕಿಸುವುದಾದರೆ ಒಂದೇ ಎಚ್ಚರ. ಎರಡು ಚದರ ಮೀಟರಿನ ಫಲಕದ ಮೇಲೆ ಪ್ರತಿ ಚದರ ಮೀಟರಿಗೆ ದಿನಕ್ಕೆ 5 ಯೂನಿಟ್‌ನಷ್ಟು ಬಿಸಿಲು ಬಿದ್ದು, ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ನೀರಿಗೆ ಸೇರಿದರೂ, ಉಷ್ಣಮಾಪಕರು ಹೇಳಿದ 4.5 ಯೂನಿಟ್ ಬಂದುಬಿಡುತ್ತದೆ. 1891ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಎಂಬವರು ಕಪ್ಪು ಬಳಿದ ತೊಟ್ಟಿಗಳನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಪೇಟೆಂಟ್ ಪಡೆದರು. ಹಗಲು ಕಾದ ನೀರು ರಾತ್ರಿ ತಣಿಯುವುದೇ ಅದರ ತೊಂದರೆಯಾಗಿತ್ತು. 1909ರಲ್ಲಿ ವಿಲಿಯಂ ಬೈಲಿ ಎಂಬವರು ಬಿಸಿಲು ಹಿಡಿಯುವ ಭಾಗವನ್ನೂ ಹೊದಿಕೆಯುಳ್ಳ ತೊಟ್ಟಿಯನ್ನೂ ಬೇರೆ ಬೇರೆ ಮಾಡಿದರು. ಇಂದಿಗೂ ತಾರಸಿಗಳ ಮೇಲೆ ಕಾಣುವುದು ಅದೇ ವಿಂಗಡಣೆ. ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಇದನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು. ಇಷ್ಟೆಲ್ಲ ಪಳಗಿದ ತಂತ್ರವನ್ನು ಹಾಳುಮಾಡುವುದು ತೊಟ್ಟಿಯೊಳಗಿನ ಬದಲಿ ವಿದ್ಯುತ್ ಕಾಯಿಲ್. ಮೋಡದ ದಿನಕ್ಕೆಂದು ಹಾಕಿದ ಆ ಕಾಯಿಲಿನ ಸ್ವಿಚ್ ವರ್ಷವಿಡೀ ಚಾಲೂ ಇರುವ ಮನೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಸಂಜೆ ಸ್ನಾನವಾದ ಮೇಲೆ ತುಂಬಿದ ತಣ್ಣೀರನ್ನು ಕಾಯಿಲ್ ರಾತ್ರಿಯೇ ಕಾಯಿಸಿಬಿಡುತ್ತದೆ. ಬೆಳಗ್ಗೆ ಬರುವ ಸೂರ್ಯನಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ.

ಮಂಜುಹನಿ

ಮೂವರಿಗೂ ಕೃತಜ್ಞತೆಗಳು. ಉಷ್ಣಮಾಪಕರು 150 ಲೀಟರ್ ಎಂದು ಹಿಡಿದದ್ದು ನಮ್ಮ ಮನೆಗೆ ಒಪ್ಪುವುದೋ ಇಲ್ಲವೋ ನೋಡೋಣವೆಂದು ಇಂದು ಬೆಳಗ್ಗೆ ಬಕೆಟ್ ಮತ್ತು ಗಡಿಯಾರ ಹಿಡಿದು ನಿಂತೆ. ನಮ್ಮ ಶವರ್ ನಿಮಿಷಕ್ಕೆ 9 ಲೀಟರ್ ಸುರಿಸುತ್ತದೆ, ಒಬ್ಬೊಬ್ಬರು ಸರಾಸರಿ 8 ನಿಮಿಷ ನಿಲ್ಲುತ್ತೇವೆ. ನಾಲ್ವರಿಗೆ 288 ಲೀಟರ್! ಅಂದರೆ ತಮ್ಮ 3.5 ಯೂನಿಟ್ ನಮ್ಮಲ್ಲಿ 6.7 ಆಗುತ್ತದೆ. ನಿಮಿಷಕ್ಕೆ 6 ಲೀಟರ್ ಕೊಡುವ ಶವರ್ ತಲೆಯನ್ನು ಹಾಕಿಸಿ, 6 ನಿಮಿಷಕ್ಕೆ ಹೊರಬಂದರೆ 144 ಲೀಟರ್ ಆಗುತ್ತದೆಂದು ಲೆಕ್ಕ ಹಾಕಿ ತೋರಿಸಿದೆ. ಮಗಳು ಮೊದಲನೆಯದಕ್ಕೆ ಒಪ್ಪಿದ್ದಾಳೆ, ಎರಡನೆಯದರ ಬಗ್ಗೆ ಮಾತುಕತೆ ನಡೆದಿದೆ.

ನಮ್ಮ ತಾರಸಿಯ ಮೇಲೆ ದಿನದ ಹೆಚ್ಚು ಹೊತ್ತು ಪಕ್ಕದ ಕಟ್ಟಡದ ನೆರಳಿರುವುದರಿಂದ ಸೋಲಾರ್ ಕೈಬಿಡಬೇಕಾಯಿತು. ಪ್ರೊಪೇನ್ ಶೀತಕದ ಹೀಟ್ ಪಂಪ್ ಕಡೆಗೆ ಮನಸ್ಸು ವಾಲಿದೆ. ಎರಡು ಅನುಮಾನಗಳಿವೆ. ತೊಟ್ಟಿಯ ನೀರನ್ನು 45 ಡಿಗ್ರಿಯಲ್ಲೇ ಇಟ್ಟರೆ ಶಾಖದ ನಷ್ಟ ಇನ್ನೂ ಕಡಿಮೆಯಾಗುವುದಿಲ್ಲವೇ? ಹಳೆಯ ಗೀಸರನ್ನು ಗುಜರಿಯವರಿಗೆ ಕೊಟ್ಟರೆ ಸಾಕೇ?

ಉಷ್ಣಮಾಪಕ

ನಷ್ಟ ಕಡಿಮೆಯಾಗುತ್ತದೆ, ಹೀಟ್ ಪಂಪಿನ ದಕ್ಷತೆಯೂ ಏರುತ್ತದೆ. ಆದರೂ ಹಾಗೆ ಮಾಡಬೇಡಿ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಡುವೆ ಹಾಯಾಗಿ ಬೆಳೆಯುತ್ತದೆ, ಶವರಿನ ತುಂತುರಿನ ಮೂಲಕ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ಶೇಖರಿಸಿಡುವ ನೀರು 60 ಡಿಗ್ರಿ ಇರಬೇಕೆಂಬುದು ಸಾಮಾನ್ಯ ಸಲಹೆ. ಹಲವು ಹೀಟ್ ಪಂಪ್‌ಗಳು ಕಡಿಮೆ ಬಿಸಿಯಲ್ಲಿ ನಡೆದು ವಾರಕ್ಕೊಮ್ಮೆ ತಾವೇ 60ಕ್ಕೆ ಏರಿಸುವ ವ್ಯವಸ್ಥೆ ಹೊಂದಿರುತ್ತವೆ, ಅದನ್ನು ಆರಿಸಿಡಬೇಡಿ. ನಲ್ಲಿಯಲ್ಲಿ ಮೈ ಸುಡದಂತೆ ತಣ್ಣೀರು ಬೆರೆಸುವ ಕವಾಟ ಹಾಕಿಸಿ.

ಕೊಳವೆಗಾರ

ಗುಜರಿಯವರ ಬಗ್ಗೆ: ಉಕ್ಕಿಗೂ ತಾಮ್ರಕ್ಕೂ ಬೆಲೆಯಿದೆ, ಅವರು ಬಿಡುವುದಿಲ್ಲ. ತೊಂದರೆಯಿರುವುದು ಹೊದಿಕೆಯ ಫೋಮಿನಲ್ಲಿ. ಹಿಂದಿನ ಕಾಲದ ಫೋಮನ್ನು ಉಬ್ಬಿಸಲು ಓಝೋನ್ ಪದರವನ್ನು ತಿನ್ನುವ ಅನಿಲಗಳನ್ನು ಬಳಸುತ್ತಿದ್ದರು, ಅವು ಗುಳ್ಳೆಗಳೊಳಗೆ ಇನ್ನೂ ಉಳಿದಿರುತ್ತವೆ. ಅದನ್ನು ಸುಡುವವರ ಕೈಗೆ ಕೊಡಬೇಡಿ. ಫ್ರಿಜ್ಜುಗಳನ್ನು ವಿಧಿಪೂರ್ವಕ ಬಿಚ್ಚುವ ಘಟಕದವರು ಇದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ.

ಹೀಟ್ ಪಂಪನ್ನು ಹಳೆಯ ಗೀಸರ್ ಇದ್ದ ಮೂಲೆಗೇ ತುರುಕಲು ಹೋಗಬೇಡಿ. ಅದು ಗಾಳಿಯಿಂದ ಶಾಖ ಹೀರುವ ಯಂತ್ರವಾದ್ದರಿಂದ ಸಣ್ಣ ಮುಚ್ಚಿದ ಕೋಣೆಯಲ್ಲಿ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ತಾನೇ ಮತ್ತೆ ಹೀರುತ್ತ, ಗಂಟೆ ಕಳೆದಂತೆ ಆ ಮೂರು ಪಟ್ಟು ಎರಡಕ್ಕೆ ಇಳಿಯುತ್ತದೆ. ಗಾಳಿಯಾಡುವ ಹೊರಗೋಡೆ ಒಳ್ಳೆಯದು. ಗಾಳಿಯ ತೇವ ಅದರ ತಣ್ಣನೆಯ ಸುರುಳಿಯ ಮೇಲೆ ನೀರಾಗಿ ಇಳಿಯುತ್ತದೆ. ಅದಕ್ಕೊಂದು ಸಣ್ಣ ಕೊಳವೆ ಇಟ್ಟು ಗಿಡಕ್ಕೆ ಬಿಡಿ, ಮತ್ತೆ ಸೋರುತ್ತಿದೆಯೆಂದು ಇಲ್ಲಿ ಬರೆಯಬೇಕಾಗುವುದಿಲ್ಲ. ಆನೋಡ್ ಕಡ್ಡಿಯ ತಿರುಪು ಎಲ್ಲಿದೆಯೆಂದು ಅಳವಡಿಸುವ ದಿನವೇ ಕೇಳಿ, ಅದನ್ನು ಹೊರತೆಗೆಯಲು ಮೇಲ್ಭಾಗದಲ್ಲಿ ಕೈಯಳತೆಯ ಜಾಗ ಬಿಡಿಸಿ.